ಅಠಾರ ಕಚೇರಿ: ಹದಿನೆಂಟು ಇಲಾಖೆಗೆ ಕಟ್ಟಿದ ಮನೆ ಹೈಕೋರ್ಟ್ ಆದ ಕಥೆ

ತುಮಕೂರು: ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದವರ ಪರಿಹಾರದ ಕೇಸು ಇರಲಿ, ಗುಬ್ಬಿ ಕಡೆಯ ಅಣ್ಣತಮ್ಮಂದಿರ ಪಾಲಿನ ದಾವೆ ಇರಲಿ, ಕುಣಿಗಲ್ ಪೇಟೆಯ ಅಂಗಡಿಯವರ ಚೆಕ್ ಬೌನ್ಸ್ ಇರಲಿ, ಇಲ್ಲಿನ ಕೋರ್ಟುಗಳಲ್ಲಿ ತೀರದೆ ಹೋದರೆ ಮುಂದಿನ ದಾರಿ ಒಂದೇ. ಬೆಂಗಳೂರಿನ ಹೈಕೋರ್ಟ್. ವಿಧಾನಸೌಧದ ಎದುರು, ಕಬ್ಬನ್ ಪಾರ್ಕ್ ಅಂಚಿನಲ್ಲಿ ಉದ್ದಕ್ಕೂ ಚಾಚಿಕೊಂಡಿರುವ ಆ ಕೆಂಪು ಕಟ್ಟಡವನ್ನು ನೋಡದವರು ಕಡಿಮೆ. ಅಲ್ಲಿಗೆ ಅಲೆದು ಚಪ್ಪಲಿ ಸವೆಸಿದವರೂ ಪ್ರತಿ ಹೋಬಳಿಯಲ್ಲಿ ಸಿಗ್ತಾರೆ.

ಆದರೆ ಈ ಕಟ್ಟಡವನ್ನು ಕೋರ್ಟಿಗೆಂದು ಕಟ್ಟಿದ್ದೇ ಅಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಳಬರು ಇದನ್ನು ಇಂದಿಗೂ 'ಅಠಾರ ಕಚೇರಿ' ಅಂತಲೇ ಕರೆಯುತ್ತಾರೆ. ಜನರ ಮೇಲೆ ಆಡಳಿತ ನಡೆಸಲು ಎದ್ದ ಮನೆ, ಜನ ಆಡಳಿತವನ್ನೇ ಪ್ರಶ್ನೆ ಮಾಡುವ ಮನೆಯಾಗಿ ಬದಲಾಗಿದ್ದು ಹೇಗೆ, ಒಮ್ಮೆ ಕೆಡವಲು ಹೊರಟ ಕಟ್ಟಡ ಉಳಿದಿದ್ದು ಹೇಗೆ ಎಂಬ ವಿವರ ಇಲ್ಲಿದೆ.

ಹೆಸರು ಬಂದದ್ದು ಎಲ್ಲಿಂದ?

'ಅಠಾರಾ' ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಹದಿನೆಂಟು ಇಲಾಖೆಗಳ ಕಚೇರಿ ಅಠಾರ ಕಚೇರಿ. ಜನರ ಬಾಯಲ್ಲಿ ಅದು 'ಅಟ್ಟಾರ ಕಚೇರಿ' ಆಯಿತು.

ಈ ಹದಿನೆಂಟರ ಲೆಕ್ಕ ಬ್ರಿಟಿಷರದ್ದಲ್ಲ. ಅದಕ್ಕಿಂತ ಒಂದೂವರೆ ಶತಮಾನ ಹಿಂದಿನದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದವರು. ಅವರು ಮೊಗಲ್ ಬಾದಶಹ ಔರಂಗಜೇಬನ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸಿದ್ದರು. ಆ ನಿಯೋಗ ವಾಪಸು ಬಂದ ಮೇಲೆ, 1700ರ ಸುಮಾರಿಗೆ, ಮೊಗಲರ ಮಾದರಿಯಲ್ಲಿ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರು ಎನ್ನುತ್ತದೆ ಮೈಸೂರಿನ ಇತಿಹಾಸ.

ಆ ಚಾವಡಿಗಳ ಹೆಸರು ಕೇಳಿದರೆ ಪೇಟೆಯವರಿಗೂ ರೈತರಿಗೂ ಕುತೂಹಲ ಹುಟ್ಟುತ್ತದೆ. ಲೆಕ್ಕಪತ್ರಕ್ಕೆ ಆಯಕಟ್ಟಿನ ಚಾವಡಿ, ಅಂಚೆ ಮತ್ತು ಗುಪ್ತ ಸುದ್ದಿಗೆ ಬೇಹಿನ ಚಾವಡಿ, ಸುಂಕಕ್ಕೆ ಬೇರೆ ಚಾವಡಿ. ಹೊಗೆಸೊಪ್ಪಿಗೂ ಒಂದು ಇಲಾಖೆ ಇತ್ತು. ಅರಮನೆಯ ದನಗಳನ್ನು ನೋಡಿಕೊಳ್ಳಲು 'ಬೆಣ್ಣೆ ಚಾವಡಿ' ಇತ್ತು. ಮುಂದೆ ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದದ್ದು ಇದೇ ಇಲಾಖೆ. ತುಮಕೂರು ಜಿಲ್ಲೆಯ ಎಷ್ಟೋ ಊರುಗಳ ಪಕ್ಕ ಇಂದಿಗೂ ಅಮೃತ್ ಮಹಲ್ ಕಾವಲು ಅಂತ ಇರುವ ಜಾಗಗಳಿಗೆ ಹೆಸರು ಬಂದದ್ದು ಅಲ್ಲಿಂದ.

ಹದಿನೆಂಟರಲ್ಲಿ 'ನಿರೂಪದ ಚಾವಡಿ' ಎಂಬುದೂ ಒಂದು. ಜನ ಕೊಟ್ಟ ಅರ್ಜಿ, ದೂರುಗಳನ್ನು ದೊರೆಯ ಮುಂದೆ ಓದಿ ಹೇಳಿ, ಅದಕ್ಕೆ ಬಂದ ಅಪ್ಪಣೆಯನ್ನು ಬರೆದಿಡುವುದು ಅದರ ಕೆಲಸ. ಅಂದರೆ ಹದಿನೆಂಟು ಬಾಗಿಲುಗಳಲ್ಲಿ ಒಂದು ಬಾಗಿಲು ಮೊದಲಿನಿಂದಲೂ ದೂರು ತಂದವರದ್ದು.

ಟಿಪ್ಪು ಅರಮನೆಯಲ್ಲಿ ನಡೀತಿದ್ದ ಸರ್ಕಾರ

1830-31ರಲ್ಲಿ ನಗರ ಸೀಮೆಯ ರೈತರು, ಅಂದರೆ ಇಂದಿನ ಶಿವಮೊಗ್ಗ ಕಡೆಯವರು, ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಿರುಕುಳದ ವಿರುದ್ಧ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡರು. ಕಮಿಷನರ್ ಆಡಳಿತ ಶುರುವಾಯಿತು. ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಬಂದವು.

ಹೊಸ ಕಟ್ಟಡ ಇರಲಿಲ್ಲ. ಕೋಟೆಯ ಬಳಿ ಇದ್ದ ಟಿಪ್ಪು ಬೇಸಿಗೆ ಅರಮನೆಯಲ್ಲೇ ಕಚೇರಿ ಇಟ್ಟರು. ಇಂದು ಕೆ.ಆರ್. ಮಾರುಕಟ್ಟೆಯ ಹತ್ತಿರ ಪ್ರವಾಸಿಗರು ಟಿಕೆಟ್ ತೆಗೆದುಕೊಂಡು ನೋಡುವ, ಮರದ ಕಂಬಗಳ ಅದೇ ಅರಮನೆ. 1868ರವರೆಗೆ ಸಂಸ್ಥಾನದ ಸಚಿವಾಲಯ ಇದ್ದದ್ದು ಅಲ್ಲೇ.

ಮೂರು ದಶಕದಲ್ಲಿ ಇಲಾಖೆಗಳು ಬೆಳೆದವು. 1856ರಲ್ಲಿ ಲೋಕೋಪಯೋಗಿ, 1857ರಲ್ಲಿ ಶಿಕ್ಷಣ, 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿದವು. 1862ರಲ್ಲಿ ಲೆವಿನ್ ಬೆಂಥಮ್ ಬೌರಿಂಗ್ ಕಮಿಷನರ್ ಆಗಿ ಬಂದ ಮೇಲೆ ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹಂಚಲಾಯಿತು. ಬೆಂಗಳೂರು, ಕೋಲಾರದ ಜೊತೆ ತುಮಕೂರು ಜಿಲ್ಲೆ ನಂದಿದುರ್ಗ ವಿಭಾಗಕ್ಕೆ ಸೇರಿತು. 1863ರಲ್ಲಿ ಭೂ ಸರ್ವೆ ಕೆಲಸ ಆರಂಭವಾಯಿತು. ಇಂದು ಪಹಣಿಯಲ್ಲಿ ಕಾಣುವ ಸರ್ವೆ ನಂಬರ್ ಪದ್ಧತಿಯ ಬೇರು ಇರುವುದು ಅಲ್ಲಿ.

ಇಷ್ಟೆಲ್ಲ ಕಾಗದಪತ್ರ, ನಕ್ಷೆ, ಗುಮಾಸ್ತರಿಗೆ ಟಿಪ್ಪು ಅರಮನೆ ಸಾಲದಾಯಿತು. ಎಲ್ಲ ಇಲಾಖೆ ಒಂದೇ ಸೂರಿನಡಿ ಇರಬೇಕು ಎಂಬ ತೀರ್ಮಾನವಾಯಿತು.

ಕಟ್ಟಿದವರು ಯಾರು?

1864ರಲ್ಲಿ ಕೆಲಸ ಆರಂಭವಾಗಿ 1868ಕ್ಕೆ ಮುಗಿಯಿತು. ಆಗ ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಕಬ್ಬನ್ ಪಾರ್ಕ್ ರೂಪಿಸಿದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಕಟ್ಟಡದ ವಿನ್ಯಾಸ ಇವರ ಕಾಲದ್ದೇ. ಸದಾಶಿವನಗರ ಪಕ್ಕದ ಸ್ಯಾಂಕಿ ಕೆರೆಗೆ ಇವರದ್ದೇ ಹೆಸರು.

ಗುತ್ತಿಗೆ ಹಿಡಿದು ಕಟ್ಟಿಸಿದವರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ದಂಡು ಪ್ರದೇಶದಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು, ಗುತ್ತಿಗೆಯಲ್ಲಿ ಮೇಲೆ ಬಂದವರು. ಸಂಪಾದಿಸಿದ್ದನ್ನು ಶಾಲೆಗೆ ಹಾಕಿದರು. 1873ರಲ್ಲಿ ಅವರು ಶುರು ಮಾಡಿದ ವಿದ್ಯಾಸಂಸ್ಥೆ ಇಂದಿಗೂ ಆರ್‌ಬಿಎಎನ್‌ಎಂಎಸ್ ಎಂಬ ಹೆಸರಿನಲ್ಲಿ ಹಲಸೂರು ಕೆರೆ ಕಡೆ ನಡೆಯುತ್ತಿದೆ. ಆ ಹೆಸರಿನ ಒಂದೊಂದು ಅಕ್ಷರವೂ ಅವರ ಬಿರುದು ಮತ್ತು ಹೆಸರಿನದ್ದು. ಹೈಕೋರ್ಟ್ ಮುಂದೆ ಓಡಾಡುವವರಲ್ಲಿ ಕಬ್ಬನ್, ಸ್ಯಾಂಕಿ, ಬೌರಿಂಗ್ ಹೆಸರು ಕೇಳದವರಿಲ್ಲ. ಕಟ್ಟಡ ಎತ್ತಿ ನಿಲ್ಲಿಸಿದ ಮೊದಲಿಯಾರ್ ಹೆಸರು ಗೊತ್ತಿರುವವರು ಕಡಿಮೆ.

ಕಟ್ಟಡದಲ್ಲಿ ಏನನ್ನು ನೋಡಬೇಕು?

ಎರಡು ಅಂತಸ್ತಿನ ಉದ್ದನೆಯ ಕಟ್ಟಡ. ಕೆಂಪು ಬಣ್ಣ ಬಳಿದ ಗೋಡೆ, ಅದರ ಮುಂದೆ ಕಂಬಗಳ ಸಾಲು. ಶೈಲಿಗೆ ಗ್ರೀಕೋ-ರೋಮನ್ ಅಥವಾ ನವ ಶಾಸ್ತ್ರೀಯ ಶೈಲಿ ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಸ್ ಮತ್ತು ರೋಮಿನ ಗುಡಿ, ಸಭಾಭವನಗಳ ರೂಪವನ್ನು ಯುರೋಪಿನವರು ಮತ್ತೆ ಬಳಕೆಗೆ ತಂದ ಶೈಲಿ ಇದು. ಎಡಕ್ಕೂ ಬಲಕ್ಕೂ ಒಂದೇ ಅಳತೆ, ಒಂದೇ ಲಯ. ನಡುವೆ ಒಂದು, ಎರಡು ತುದಿಯಲ್ಲಿ ಒಂದೊಂದು ಕಂಬದ ಮುಖಮಂಟಪ. ದೂರದಿಂದ ನೋಡಿದಾಗ 'ಇಲ್ಲಿ ಎಲ್ಲ ಶಿಸ್ತಾಗಿ ನಡೀತದೆ' ಎಂಬ ಭಾವ ಬರಬೇಕು, ಅದು ಉದ್ದೇಶ.

ಕಂಬಗಳ ತುದಿ ಗಮನಿಸಿ. ಟಗರಿನ ಕೊಂಬಿನ ಹಾಗೆ ಎರಡೂ ಕಡೆ ಸುರುಳಿ ಸುತ್ತಿಕೊಂಡಿರುತ್ತದೆ. ಇದಕ್ಕೆ ಅಯೋನಿಕ್ ಕಂಬ ಎಂದು ಹೆಸರು. ಗ್ರೀಕ್ ಕಂಬಗಳಲ್ಲಿ ಮುಖ್ಯವಾಗಿ ಮೂರು ಬಗೆ. ತಲೆ ಸಾದಾ ಇದ್ದರೆ ಡೋರಿಕ್, ಸುರುಳಿ ಇದ್ದರೆ ಅಯೋನಿಕ್, ಎಲೆಗಳ ಗೊಂಚಲು ಇದ್ದರೆ ಕೊರಿಂಥಿಯನ್. ಇದಿಷ್ಟು ನೆನಪಿದ್ದರೆ ಹಳೆಯ ಬ್ಯಾಂಕು, ಚರ್ಚು, ಕಾಲೇಜು ಎಲ್ಲೇ ನೋಡಿದರೂ ಗುರುತು ಹಿಡಿಯಬಹುದು.

ಕಂಬಗಳು ಬರೀ ಚೆಂದಕ್ಕಲ್ಲ. ಅವುಗಳ ಹಿಂದೆ ವರಾಂಡ ಇದೆ. ಬಿಸಿಲು ನೇರವಾಗಿ ಕೋಣೆಯ ಗೋಡೆಗೆ ಬೀಳದ ಹಾಗೆ, ಮಳೆ ಎರಚಲು ಕಿಟಕಿಗೆ ಹೊಡೆಯದ ಹಾಗೆ ಅದು ತಡೆಯುತ್ತದೆ. ಎತ್ತರದ ಸೂರು, ದಪ್ಪ ಗೋಡೆ, ಗಾಳಿ ಆಡುವ ದೊಡ್ಡ ಕಿಟಕಿ ಸೇರಿದರೆ ಫ್ಯಾನು ಇಲ್ಲದ ಕಾಲದಲ್ಲೂ ಒಳಗೆ ತಂಪು. ಹಳ್ಳಿಯ ತೊಟ್ಟಿಮನೆಯ ಜಗಲಿ ಮಾಡುವ ಕೆಲಸವನ್ನೇ ಇಲ್ಲಿ ವಿದೇಶಿ ವೇಷದ ವರಾಂಡ ಮಾಡುತ್ತದೆ. ಅದು ಸಿಮೆಂಟ್ ಕಾಂಕ್ರೀಟಿನ ಕಾಲ ಅಲ್ಲ. ಇಟ್ಟಿಗೆ, ಕಲ್ಲು, ಗಾರೆಯಲ್ಲೇ ಇಷ್ಟು ಉದ್ದದ ಕಟ್ಟಡ ಎದ್ದಿದ್ದು, ಒಂದೂವರೆ ಶತಮಾನ ದಾಟಿ ನಿಂತಿದೆ.

ದೇಶದ ಇತರ ಹಳೆಯ ಹೈಕೋರ್ಟ್‌ಗಳ ಜೊತೆ ಹೋಲಿಸಿದರೆ ಇದರ ವಿಶೇಷ ಗೊತ್ತಾಗುತ್ತದೆ. ಕಲ್ಕತ್ತಾ ಹೈಕೋರ್ಟ್ 1872ರಲ್ಲಿ, ಬಾಂಬೆ ಹೈಕೋರ್ಟ್ 1878ರಲ್ಲಿ ಮುಗಿದವು. ಎರಡೂ ಚೂಪು ಕಮಾನಿನ ಗೋಥಿಕ್ ಶೈಲಿ. ಮದ್ರಾಸ್ ಹೈಕೋರ್ಟ್ 1892ರದ್ದು. ಗುಮ್ಮಟ, ಮಿನಾರುಗಳ ಇಂಡೋ-ಸಾರಸೆನಿಕ್ ಶೈಲಿ. ಈ ಮೂರನ್ನೂ ಕೋರ್ಟಿಗೆಂದೇ ಕಟ್ಟಿದ್ದು. ಬೆಂಗಳೂರಿನದ್ದು ಅವೆಲ್ಲಕ್ಕಿಂತ ಮೊದಲು ಎದ್ದ ಕಟ್ಟಡ, ಆದರೆ ಎದ್ದಿದ್ದು ಗುಮಾಸ್ತರ ಕಚೇರಿಯಾಗಿ. ಅದಕ್ಕೇ ಇಲ್ಲಿ ಗೋಪುರ, ಶಿಖರದ ಅಬ್ಬರ ಇಲ್ಲ. ಸಾಲು ಕೋಣೆ, ಉದ್ದ ವರಾಂಡ.

ಕಚೇರಿಯಿಂದ ಕೋರ್ಟಿಗೆ

1881ರಲ್ಲಿ ಆಡಳಿತ ಮತ್ತೆ ಒಡೆಯರ ಮನೆತನಕ್ಕೆ ಬಂತು. ರಾಜಧಾನಿಯ ಗೌರವ ಮೈಸೂರಿಗಿದ್ದರೂ ಸಚಿವಾಲಯ ಬೆಂಗಳೂರಿನ ಈ ಕಟ್ಟಡದಲ್ಲೇ ಉಳಿಯಿತು. ದಿವಾನರ ಕಾಲದ ಆಡಳಿತವೆಲ್ಲ ಇಲ್ಲಿಂದಲೇ ನಡೆಯಿತು.

1884ರಲ್ಲಿ ಮೂವರು ನ್ಯಾಯಾಧೀಶರ 'ಮೈಸೂರು ಚೀಫ್ ಕೋರ್ಟ್' ಸ್ಥಾಪನೆಯಾಯಿತು. 1930ರಲ್ಲಿ ಅದೇ ಮೈಸೂರು ಹೈಕೋರ್ಟ್ ಆಯಿತು. ಇಲಾಖೆಗಳ ನಡುವೆ ಕೋರ್ಟೂ ಒಂದಾಗಿ ಇಲ್ಲಿ ಜಾಗ ಹಂಚಿಕೊಂಡಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶಾಸಕಾಂಗದ ಕಲಾಪವೂ ಇದೇ ಕಟ್ಟಡದಲ್ಲಿ. ಕಾನೂನು ಮಾಡುವವರು, ಜಾರಿ ಮಾಡುವವರು, ತೀರ್ಪು ಕೊಡುವವರು ಎಲ್ಲರೂ ಒಂದೇ ಸೂರಿನಡಿ.

ಆ ಸಂಸಾರ ಬೇರೆಯಾದದ್ದು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಅವರ ಛಲದಿಂದ. ಬೆಂಗಳೂರಿಗೆ ಬಂದಿದ್ದ ರಷ್ಯನ್ ನಿಯೋಗವೊಂದು 'ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡಗಳೇ, ನಿಮ್ಮದು ಯಾವುದು?' ಎಂಬರ್ಥದಲ್ಲಿ ಕೇಳಿದ್ದು ಅವರಿಗೆ ಚುಚ್ಚಿತು ಎಂಬ ಮಾತಿದೆ. ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಇಟ್ಟಿದ್ದ ಕಟ್ಟಡದ ಯೋಜನೆಯನ್ನೇ ಹನುಮಂತಯ್ಯ ದೊಡ್ಡದು ಮಾಡಿ, ದೇವಸ್ಥಾನ ಶೈಲಿಯಲ್ಲಿ ಗ್ರಾನೈಟ್ ವಿಧಾನಸೌಧ ಕಟ್ಟಿಸಿದರು. ಅಠಾರ ಕಚೇರಿಗೆ ಎದುರಾಗಿ, ಬೇಕಂತಲೇ ಅದಕ್ಕಿಂತ ಎತ್ತರಕ್ಕೆ. 1956ರಲ್ಲಿ ಅದು ಮುಗಿದು ಇಲಾಖೆಗಳು ರಸ್ತೆ ದಾಟಿದವು.

ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ. ಅಲ್ಲಿಯವರೆಗೆ ಧಾರವಾಡ, ಬೆಳಗಾವಿಯವರು ಬಾಂಬೆ ಹೈಕೋರ್ಟಿಗೆ, ಕಲಬುರಗಿಯವರು ಹೈದರಾಬಾದಿಗೆ, ಮಂಗಳೂರಿನವರು ಮದ್ರಾಸಿಗೆ ಹೋಗಬೇಕಿತ್ತು. ಎಲ್ಲರಿಗೂ ಈ ಕೆಂಪು ಕಟ್ಟಡವೇ ಹೈಕೋರ್ಟ್ ಆಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕರ್ನಾಟಕ ಹೈಕೋರ್ಟ್ ಆಯಿತು. ಉತ್ತರದ ಜಿಲ್ಲೆಗಳವರ ಬಹುಕಾಲದ ಹೋರಾಟದ ನಂತರ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾಗಿ, 2013ರ ಆಗಸ್ಟ್‌ನಲ್ಲಿ ಕಾಯಂ ಪೀಠಗಳಾದವು. ತುಮಕೂರು ಜಿಲ್ಲೆ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಯಲ್ಲೇ ಇದೆ.

ಕೆಡವಲು ಹೊರಟಿದ್ದರು

ಇಡೀ ರಾಜ್ಯದ ಕೇಸುಗಳು ಬಂದು ಬಿದ್ದ ಮೇಲೆ ಜಾಗ ಸಾಲಲಿಲ್ಲ. 1980ರ ದಶಕದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪ್ರಸ್ತಾವ ಬಂತು. ಬೆಂಗಳೂರಿನಲ್ಲಿ ಹಳೆಯ ಬಂಗಲೆಗಳು ಒಂದೊಂದಾಗಿ ಉರುಳುತ್ತಿದ್ದ ಕಾಲ ಅದು. ಪಾರಂಪರಿಕ ಕಟ್ಟಡ ಎಂದರೆ ಏನು ಅಂತ ಕೇಳುವವರೂ ಕಡಿಮೆ ಇದ್ದರು.

ಆದರೆ ಅಠಾರ ಕಚೇರಿ ವಿಷಯದಲ್ಲಿ ಜನ ಸುಮ್ಮನಿರಲಿಲ್ಲ. ವಿರೋಧ ಎದ್ದಿತು, ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ವಿಷಯ ಕೋರ್ಟಿನ ಮೆಟ್ಟಿಲನ್ನೂ ಏರಿತು. ಕೋರ್ಟಿನ ಕಟ್ಟಡವನ್ನು ಉಳಿಸಿ ಅಂತ ಕೋರ್ಟಿನಲ್ಲೇ ಕೇಳಬೇಕಾದ ಸಂದರ್ಭ. ಕೊನೆಗೆ ಕೆಡವುವ ಯೋಚನೆ ಕೈಬಿಡಲಾಯಿತು. ಹಳೆಯದನ್ನು ಉಳಿಸಿಕೊಂಡು, ಅದಕ್ಕೆ ಹೊಂದಿಕೊಂಡು ಹೊಸ ಬ್ಲಾಕ್‌ಗಳನ್ನು ಕಟ್ಟಲಾಯಿತು. ಅವಕ್ಕೂ ಅದೇ ಕೆಂಪು ಬಣ್ಣ.

ಆವರಣದಲ್ಲಿ ಬದಲಾದದ್ದೂ ಇದೆ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕುದುರೆ ಸವಾರಿ ಪ್ರತಿಮೆ ಬಹುಕಾಲ ಹೈಕೋರ್ಟ್ ಆವರಣದಲ್ಲಿತ್ತು. 2020ರಲ್ಲಿ ಅದನ್ನು ಕಬ್ಬನ್ ಪಾರ್ಕ್ ಒಳಗೆ ಸಾಗಿಸಲಾಯಿತು.

ತುಮಕೂರಿನ ಕೇಸು ಅಲ್ಲಿಗೆ ಮುಟ್ಟುವುದು ಹೇಗೆ?

ಪಹಣಿ, ಖಾತೆ ತಕರಾರು ತಹಸೀಲ್ದಾರ್ ಮಟ್ಟದಲ್ಲಿ ಶುರುವಾಗುತ್ತದೆ. ಅಲ್ಲಿಂದ ಉಪವಿಭಾಗಾಧಿಕಾರಿ, ಆಮೇಲೆ ಜಿಲ್ಲಾಧಿಕಾರಿ. ಅಲ್ಲೂ ನ್ಯಾಯ ಸಿಗಲಿಲ್ಲ ಅನ್ನಿಸಿದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಸಂವಿಧಾನದ 226ನೇ ವಿಧಿ ಕೊಟ್ಟಿರುವ ಅಧಿಕಾರ ಅದು. ಅಧಿಕಾರಿ ಎಷ್ಟೇ ದೊಡ್ಡವರಿರಲಿ, ಅವರ ಆದೇಶ ಕಾನೂನಿಗೆ ಸರಿಯಿದೆಯಾ ಅಂತ ಅಲ್ಲಿ ಕೇಳಬಹುದು.

ಕೈಗಾರಿಕೆಗೆ ಜಮೀನು ಸ್ವಾಧೀನ ಆಗುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ವಸಂತನರಸಾಪುರದಂಥ ಕಡೆ ಪರಿಹಾರ ಕಡಿಮೆಯಾಯಿತು ಎನ್ನುವವರ ತಕರಾರು ಮೊದಲು ಸಿವಿಲ್ ಕೋರ್ಟಿಗೆ, ಮೇಲ್ಮನವಿ ಹೈಕೋರ್ಟಿಗೆ ಹೋಗುತ್ತದೆ. ಸ್ವಾಧೀನದ ಅಧಿಸೂಚನೆಯೇ ತಪ್ಪು ಎಂಬ ವಾದವಿದ್ದರೆ ರಿಟ್ ದಾರಿ.

ಚೆಕ್ ಬೌನ್ಸ್ ಕೇಸು ಗುಬ್ಬಿ, ಕುಣಿಗಲ್, ತುಮಕೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುತ್ತದೆ. ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ನಂತರ ಹೈಕೋರ್ಟಿಗೆ ಪುನರ್ ಪರಿಶೀಲನಾ ಅರ್ಜಿ. ಪಾಲಿನ ದಾವೆಯಂಥ ಸಿವಿಲ್ ಕೇಸಿನಲ್ಲಿ ಎರಡನೇ ಮೇಲ್ಮನವಿಗೆ ಹೈಕೋರ್ಟಿಗೆ ಹೋಗುವಾಗ ಮುಖ್ಯವಾದ ಕಾನೂನು ಪ್ರಶ್ನೆ ಇರಲೇಬೇಕು. 'ಸಾಕ್ಷಿ ಇನ್ನೊಮ್ಮೆ ನೋಡಿ' ಅಂದರೆ ಸಾಲದು.

ಗಡುವು ಮರೆತು ಕೆಟ್ಟವರು ಬಹಳ ಜನ. ಸಿವಿಲ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹಾಕಲು ಸಾಮಾನ್ಯವಾಗಿ 90 ದಿನ. ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಅದರಲ್ಲಿ ಕಳೆಯುತ್ತಾರೆ. ಹಾಗಾಗಿ ತೀರ್ಪು ಬಂದ ಕೂಡಲೇ ನಕಲಿಗೆ ಅರ್ಜಿ ಹಾಕುವುದು ಕ್ಷೇಮ.

ಕೇಸು ಎಲ್ಲಿಗೆ ಬಂತು ಅಂತ ತಿಳಿಯಲು ಪ್ರತಿ ಸಲ ಬಸ್ ಹತ್ತಬೇಕಿಲ್ಲ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ವಕೀಲರಿಂದ ಬರೆಸಿಕೊಂಡು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ ಮೊಬೈಲಲ್ಲೇ ಸಿಗುತ್ತದೆ, ಖರ್ಚಿಲ್ಲ. ವಕೀಲರ ಫೀಸಿಗೆ ಶಕ್ತಿ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವಿದೆ. ಸಹಾಯವಾಣಿ 15100. ಹೈಕೋರ್ಟ್ ಮಟ್ಟದಲ್ಲೂ ಇದಕ್ಕೆ ಪ್ರತ್ಯೇಕ ಸಮಿತಿ ಇದೆ.

ನೋಡಲು ಹೋಗುವವರಿಗೆ

ಇದು ಕೆಲಸ ನಡೆಯುವ ಕೋರ್ಟ್. ಒಳಗೆ ಹೋಗಲು ತಪಾಸಣೆ ದಾಟಬೇಕು. ಗುರುತಿನ ಚೀಟಿ ಜೊತೆಗಿರಲಿ, ಒಳಗೆ ಫೋಟೊ ತೆಗೆಯುವ ಯೋಚನೆ ಬೇಡ. ಕಟ್ಟಡದ ಚೆಂದ ನೋಡಲು ಹೊರಗಿನ ರಸ್ತೆಯೇ ಸಾಕು. ತುಮಕೂರು ರಸ್ತೆಯಲ್ಲಿ ಬರುವವರು ಮಾದಾವರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧದ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದರೆ ಕಟ್ಟಡ ಪಕ್ಕದಲ್ಲೇ.

ಅಲ್ಲಿ ರಸ್ತೆಯಲ್ಲಿ ನಿಂತರೆ ಒಂದು ಕಡೆ ವಿಧಾನಸೌಧ, ಇನ್ನೊಂದು ಕಡೆ ಅಠಾರ ಕಚೇರಿ ಎದುರುಬದುರು ಕಾಣುತ್ತವೆ. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ಆ ಕೆಲಸ ಸರಿಯಾಗಿ ಆಗಲಿಲ್ಲ ಅನ್ನುವವರು ಅರ್ಜಿ ಹಿಡಿದು ಬರುವುದು ಎದುರಿನ ಕೆಂಪು ಕಟ್ಟಡಕ್ಕೆ. ಹದಿನೆಂಟು ಇಲಾಖೆಗಳಲ್ಲಿ ಉಳಿದವೆಲ್ಲ ಅಲ್ಲಿಂದ ಖಾಲಿಯಾಗಿವೆ. ದೂರು ತಂದವರಿಗೆ ತೆರೆದಿದ್ದ ಬಾಗಿಲು ಮಾತ್ರ ಇನ್ನೂ ತೆರೆದೇ ಇದೆ.